ಅಜ್ಜಿಯ ಮಾತಿಗೂ ತರಗತಿಯಲ್ಲಿ ಜಾಗವಿದೆ: ಮನೆಮಾತಿನವರ ಸ್ಪ್ಯಾನಿಷ್ ಕೋರ್ಸ್ ಹಿಡಿಯುವುದು ಹೇಗೆ?

ನನ್ನ ಅಣ್ಣನ ಮಗಳು ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಅತ್ತಿಗೆಯ ತವರು ನ್ಯೂ ಮೆಕ್ಸಿಕೊ. ಆ ಮನೆಯ ಮಾತು ಸ್ಪ್ಯಾನಿಷ್. ಅಣ್ಣ, ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮಗುವನ್ನು ಸಾಕಿದವರು ಅತ್ತಿಗೆಯ ಅಮ್ಮ. ಊಟ, ಸ್ನಾನ, ಮುದ್ದು, ಬೈಗುಳ ಎಲ್ಲವೂ ಸ್ಪ್ಯಾನಿಷ್‌ನಲ್ಲೇ. ಹಾಗೆ ಬೆಳೆದವಳನ್ನು ಕಾಲೇಜಿನ ಮೊದಲ ವರ್ಷ ಸ್ಪ್ಯಾನಿಷ್‌ನ ಅ-ಆ-ಇ-ಈ ತರಗತಿಯಲ್ಲಿ ಕೂರಿಸಿದರು. ಎರಡು ವಾರ ಬಣ್ಣ, ಅಂಕಿ, ವಾರದ ಹೆಸರು. ಮೂರನೇ ವಾರದ ಪರೀಕ್ಷೆಯಲ್ಲಿ ಕ್ರಿಯಾಪದದ ಕಾಲಗಳನ್ನು ಹೆಸರಿಸಿ ಎಂದಾಗ, ಆಗಷ್ಟೇ ಭಾಷೆ ಶುರು ಮಾಡಿದವರಿಗಿಂತ ಇವಳಿಗೇ ಕಡಿಮೆ ಅಂಕ ಬಂತು. “ನಂಗೆ ಸ್ಪ್ಯಾನಿಷ್ ಬರಲ್ಲ ಅನ್ಸುತ್ತೆ ಅತ್ತೆ” ಎಂದು ಫೋನಿನಲ್ಲಿ ಅತ್ತಳು. ಅಷ್ಟರಲ್ಲಿ ಅಜ್ಜಿ ಪಕ್ಕದಿಂದ ಏನೋ ಕೇಳಿದರು. ಕಣ್ಣೊರೆಸಿಕೊಂಡು, ಒಂದು ಕಡೆಯೂ ತಡವರಿಸದೆ, ಐದು ನಿಮಿಷ ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಟ್ಟಳು.

ಅವಳು ಕೂರಬೇಕಿದ್ದ ತರಗತಿ ಬೇರೆ. ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಅಂಥ ಮನೆಯ ಮಕ್ಕಳಿಗಾಗಿಯೇ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಪ್ರತ್ಯೇಕ ಕೋರ್ಸ್ ನಡೆಸುತ್ತವೆ. ನಿಮ್ಮ ಬಳಗದಲ್ಲೂ ಸ್ಪ್ಯಾನಿಷ್ ಮಾತಿನ ಸೊಸೆ, ಅಳಿಯ, ಮೊಮ್ಮಕ್ಕಳು ಇದ್ದರೆ ಈ ದಾರಿ ತಿಳಿದಿರಲಿ.

ಹೆಜ್ಜೆ 1: ‘ನನಗೆ ಬರಲ್ಲ’ ಅನ್ನುವುದನ್ನು ಮೊದಲು ಬಿಡಿ

ಇಂಥವರನ್ನು ಅಲ್ಲಿ ‘ಹೆರಿಟೇಜ್ ಸ್ಪೀಕರ್’ ಅನ್ನುತ್ತಾರೆ. ಭಾಷಾವಿದ್ವಾಂಸೆ ಗ್ವಾದಲೂಪೆ ವಾಲ್ದೆಸ್ ಕೊಟ್ಟ ವಿವರಣೆಯೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ: ಇಂಗ್ಲಿಷ್ ಅಲ್ಲದ ಭಾಷೆಯ ಮನೆಯಲ್ಲಿ ಬೆಳೆದು, ಅದನ್ನು ಆಡುವವರು ಅಥವಾ ಬರೀ ಅರ್ಥಮಾಡಿಕೊಳ್ಳುವವರು. ಅಜ್ಜಿ ಕೇಳಿದ್ದಕ್ಕೆ ಇಂಗ್ಲಿಷ್‌ನಲ್ಲಿ ಉತ್ತರಿಸುವ ಹುಡುಗನೂ ಇದರೊಳಗೆ ಬರುತ್ತಾನೆ.

ಈ ಮಕ್ಕಳನ್ನು ‘ನೋ ಸಾಬೊ’ ಎಂದು ಹಂಗಿಸುವುದುಂಟು. ‘ಗೊತ್ತಿಲ್ಲ’ ಎನ್ನಲು ಸ್ಪ್ಯಾನಿಷ್‌ನಲ್ಲಿ ‘ನೋ ಸೆ’ ಅನ್ನಬೇಕು. ಉಳಿದ ಕ್ರಿಯಾಪದಗಳ ನಿಯಮ ಹಿಡಿದ ಮಗು ‘ನೋ ಸಾಬೊ’ ಅನ್ನುತ್ತದೆ. ಸ್ಪೇನ್‌ನ ಮಕ್ಕಳೂ ಹಾಗೇ ಅಂದು ಅಂದು ಮುಂದೆ ತಿದ್ದಿಕೊಳ್ಳುತ್ತಾರೆ. ಅಮೆರಿಕದ ಮಗು ತಿದ್ದಿಕೊಳ್ಳುವ ಹೊತ್ತಿಗೆ ಇಂಗ್ಲಿಷ್ ಶಾಲೆ ಸೇರಿರುತ್ತದೆ. ಅದರ ಹಿಂದಿನ ತಲೆಮಾರಿನ ಕತೆಯನ್ನೂ ನೆನೆಯಬೇಕು. ಟೆಕ್ಸಾಸ್‌ನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳುವುದು 1918ರ ಕಾನೂನಿನಂತೆ ಅಪರಾಧವಾಗಿತ್ತು. ಅದು ಸಡಿಲವಾದದ್ದು 1969ರಲ್ಲಿ. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿ ಪೆಟ್ಟು ತಿಂದ ಎಷ್ಟೋ ತಂದೆತಾಯಿ ತಮ್ಮ ಮಕ್ಕಳಿಗೆ ಅದನ್ನು ಕಲಿಸಲೇ ಇಲ್ಲ. ಆ ಮಕ್ಕಳನ್ನು ಹಂಗಿಸುವುದು ನನಗಂತೂ ಅನ್ಯಾಯವಾಗಿ ಕಾಣುತ್ತದೆ.

ಹೆಜ್ಜೆ 2: ಕೋರ್ಸಿನ ಹೆಸರು ಹುಡುಕಿ

ಹೆಸರು ಎಲ್ಲ ಕಡೆ ಒಂದೇ ಇರುವುದಿಲ್ಲ. ಪಟ್ಟಿಯಲ್ಲಿ ‘ಹೆರಿಟೇಜ್ ಲರ್ನರ್ಸ್’, ‘ನೇಟಿವ್ ಸ್ಪೀಕರ್ಸ್’, ‘ಬೈಲಿಂಗ್ವಲ್ಸ್’ ಮೂರನ್ನೂ ನೋಡಿ. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಇರುವ ವಿಭಾಗಕ್ಕೆ ಅಲ್ಲಿನವರೇ ಆದ ಲೇಖಕ, ಪ್ರಾಧ್ಯಾಪಕ ಸಬೀನೆ ಉಲಿಬರ್ರಿ ಅವರ ಹೆಸರಿದೆ. ಆರಿಜೋನಾ ವಿಶ್ವವಿದ್ಯಾಲಯ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಗಳಲ್ಲೂ ಇಂಥ ಕೋರ್ಸ್‌ಗಳಿವೆ. ಚಿಕ್ಕ ಕಾಲೇಜಿನಲ್ಲಿ ಇಲ್ಲದಿದ್ದರೆ ಮಧ್ಯಮ ಹಂತದ ಬರವಣಿಗೆಯ ತರಗತಿ ಕೇಳಿ, ಮೊದಲ ಮೆಟ್ಟಿಲಿನದು ಬೇಡ.

ಹೆಜ್ಜೆ 3: ಮಟ್ಟ ಅಳೆಯುವಾಗ ಬಾಯಿ ಬಿಡಿ

ನಮ್ಮ ಹುಡುಗಿ ಎಡವಿದ್ದು ಇಲ್ಲೇ. ಕಂಪ್ಯೂಟರ್ ಪರೀಕ್ಷೆ ಬಿಟ್ಟ ಸ್ಥಳ ತುಂಬಲು ಹೇಳಿತು, ವ್ಯಾಕರಣದ ಹೆಸರುಗಳನ್ನು ಕೇಳಿತು. ಮನೆಯಲ್ಲಿ ಕಲಿತವರಿಗೆ ಹೆಸರು ಗೊತ್ತಿರುವುದಿಲ್ಲ, ಬಳಕೆ ಗೊತ್ತಿರುತ್ತದೆ. ‘ಸಂಭಾವನಾರ್ಥಕ ರೂಪ ಬರೆ’ ಎಂದರೆ ‘ಬಂದಾನು’ ಅನ್ನುತ್ತಲೇ ಬೆಳೆದ ನಮ್ಮ ಮಕ್ಕಳೂ ತಡಬಡಿಸುತ್ತಾರೆ. ಆದ್ದರಿಂದ ಅರ್ಜಿಯಲ್ಲಿ ಮನೆಯಲ್ಲಿ ಯಾರ ಜೊತೆ ಯಾವ ಭಾಷೆ ಎಂಬ ಪ್ರಶ್ನೆಗೆ ಉದ್ದವಾಗಿ, ನಿಜ ಬರೆಯಿರಿ. ವಿಭಾಗಕ್ಕೆ ಪತ್ರ ಬರೆದು ಹತ್ತು ನಿಮಿಷದ ಮಾತುಕತೆ ಕೇಳಿ. ಇವಳು ಕೇಳಿದಳು, ಸೆಮಿಸ್ಟರ್ ಮುಗಿದ ಮೇಲೆ ತರಗತಿ ಬದಲಾಯಿತು.

ಹೆಜ್ಜೆ 4: ಕಿವಿಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ

ಹೊಸ ತರಗತಿಯಲ್ಲಿ ಅವಳು ಬರೆದ ಮೊದಲ ಪುಟ ನನಗೆ ಕಳಿಸಿದ್ದಳು. ‘ಮಾಡಬೇಕು’ ಎನ್ನಲು ‘ಅಯ್ ಕೆ ಅಸೇರ್’ ಎಂಬ ಮೂರು ಪದ. ಬರೆಯುವಾಗ ಅದರಲ್ಲಿ ಎರಡು ಎಚ್ ಇರಬೇಕಿತ್ತು, ಎರಡೂ ಇರಲಿಲ್ಲ. ಸಿ ಇರಬೇಕಾದಲ್ಲಿ ಎಸ್ ಕೂತಿತ್ತು. ಸ್ಪ್ಯಾನಿಷ್‌ನಲ್ಲಿ ಎಚ್‌ಗೆ ಉಚ್ಚಾರಣೆಯೇ ಇಲ್ಲ, ಲ್ಯಾಟಿನ್ ಅಮೆರಿಕದವರ ಬಾಯಲ್ಲಿ ಎಸ್, ಝಡ್ ಮತ್ತು ಇ, ಐ ಅಕ್ಷರಗಳಿಗೆ ಮೊದಲು ಬರುವ ಸಿ ಒಂದೇ ಆಗಿ ಕೇಳುತ್ತವೆ, ಬಿ ಮತ್ತು ವಿ ಕೂಡ ಒಂದೇ. ಹಳೇ ಮೈಸೂರಿನ ಹಳ್ಳಿಯಲ್ಲಿ ‘ಆಲು’ ಎಂದು ಕೇಳಿ ಬೆಳೆದ ಮಗು ‘ಹಾಲು’ ಬರೆಯಲು ಕಲಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಇದಕ್ಕೆ ಮದ್ದು ಓದು. ದಿನಕ್ಕೆ ಒಂದು ಪುಟವನ್ನಾದರೂ ಗಟ್ಟಿಯಾಗಿ ಓದಿಸಿ. ಕಣ್ಣಿಗೆ ಬಿದ್ದ ಎಚ್ ನಿಧಾನಕ್ಕೆ ಕೈಗೆ ಬರುತ್ತದೆ.

ಎರಡನೆಯದು, ಅಕ್ಷರದ ಮೇಲಿನ ಗೀಟು. ಪದ ಸ್ವರದಲ್ಲೋ ಎನ್, ಎಸ್‌ನಲ್ಲೋ ಮುಗಿದರೆ ಕೊನೆಯದಕ್ಕಿಂತ ಹಿಂದಿನ ಉಚ್ಚಾರದ ತುಣುಕಿಗೆ ಒತ್ತು. ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯದಕ್ಕೆ. ಈ ನಿಯಮ ಮುರಿದ ಪದಕ್ಕೆ ಗೀಟು ಹಾಕಬೇಕು. ‘ಆಬ್ಲೊ’ ಎಂದರೆ ಮಾತಾಡುತ್ತೇನೆ. ಕೊನೆಯ ಒಕಾರಕ್ಕೆ ಗೀಟು ಬಿದ್ದರೆ ಮಾತಾಡಿದ. ‘ನನ್ನ ಅಪ್ಪ’ ಎಂದು ಬರೆಯುವಲ್ಲಿ ಗೀಟು ಮರೆತ ಹುಡುಗಿ ‘ನನ್ನ ಆಲೂಗಡ್ಡೆ’ ಎಂದು ಬರೆದಿದ್ದಳು! ಒತ್ತು ಎಲ್ಲಿದೆ ಎಂದು ತಿಳಿಯದಿದ್ದರೆ ಆ ಪದವನ್ನು ಬೀದಿಯ ಆ ಕೊನೆಯಲ್ಲಿರುವವರನ್ನು ಕೂಗಿ ಕರೆದಂತೆ ಹೇಳಿ. ಎಲ್ಲಿ ಎಳೆಯುತ್ತೀರೋ ಅಲ್ಲೇ ಇದೆ.

ಮೂರನೆಯದು ಮರ್ಯಾದೆ. ಅಲ್ಲೂ ನೀನು-ನೀವು ಇದೆ: ‘ತೂ’ ಮತ್ತು ‘ಉಸ್ತೆದ್’. ಬಾ ಹೋಗಿ ಬನ್ನಿ ಆಗುವಂತೆ ಉಸ್ತೆದ್ ಬಂದರೆ ಕ್ರಿಯಾಪದವೂ ಬದಲಾಗಬೇಕು. ಮನೆಯಲ್ಲಿ ‘ತೂ’ ಅಂದುಕೊಂಡೇ ಬೆಳೆದವರು ಪ್ರಾಧ್ಯಾಪಕರಿಗೆ ಪತ್ರ ಬರೆಯಲು ಕೂತಾಗ ಕಷ್ಟ ಗೊತ್ತಾಗುತ್ತದೆ. ವಾರಕ್ಕೊಂದು ಅಂಥ ಪತ್ರ ಬರೆದು ಅಭ್ಯಾಸ ಮಾಡಿ.

ಹೆಜ್ಜೆ 5: ಮನೆಯ ಪದ ಅಳಿಸಬೇಡಿ, ಪಕ್ಕದಲ್ಲಿ ಇನ್ನೊಂದು ಬರೆಯಿರಿ

ಮೇಷ್ಟ್ರು ಒಳ್ಳೆಯವರೋ ಅಲ್ಲವೋ ಎಂದು ತಿಳಿಯುವುದು ಇಲ್ಲಿ. ‘ಲೋಂಚೆ’ ಎಂದರೆ ಮಧ್ಯಾಹ್ನದ ಬುತ್ತಿ, ‘ತ್ರೋಕ’ ಎಂದರೆ ಟ್ರಕ್ಕು. ಇಂಗ್ಲಿಷ್ ಬೆರೆತು ಅಲ್ಲೇ ಹುಟ್ಟಿದ ಪದಗಳು. ಕೆಲಸಕ್ಕೆ ಅರ್ಜಿ ಹಾಕುವುದಕ್ಕೆ ಅಮೆರಿಕದಲ್ಲಿ ‘ಅಪ್ಲಿಕಾರ್’ ಅನ್ನುತ್ತಾರೆ. ಆ ಪದ ಕೇಳಿದರೆ ಸ್ಪೇನ್‌ನವರಿಗೆ ಮೊದಲು ನೆನಪಾಗುವುದು ಮುಲಾಮು ಹಚ್ಚುವುದು. ಅವರು ಅರ್ಜಿಗೆ ‘ಸೊಲಿಸಿತಾರ್’ ಅನ್ನುತ್ತಾರೆ. ಕೆಂಪು ಶಾಯಿಯಲ್ಲಿ ತಪ್ಪು ಎಂದು ಗೀಚುವ ಮೇಷ್ಟ್ರಿಂದ ಮಗು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿಸಿ, ಮನೆಯಲ್ಲಿ ಇದು, ಅರ್ಜಿಯಲ್ಲಿ ಅದು ಎಂದು ಬರೆಸುವವರು ಸಿಕ್ಕರೆ ಆ ತರಗತಿ ಬಿಡಬೇಡಿ.

ಮುಂದೆ ಇದು ಹೊಟ್ಟೆಪಾಡಿಗೂ ಆಗುತ್ತದೆ. ಆಸ್ಪತ್ರೆಯಲ್ಲಿ ತಾಯಿಯ ಕಾಯಿಲೆಯನ್ನು ವೈದ್ಯರಿಗೆ ಅನುವಾದಿಸುತ್ತ ಬೆಳೆದ ಮಕ್ಕಳು ಈ ತರಗತಿಗಳಲ್ಲಿ ಬಹಳ. ತುರ್ತು ಹೊತ್ತು ಬಿಟ್ಟರೆ ಮಕ್ಕಳನ್ನು ಹಾಗೆ ಬಳಸಿಕೊಳ್ಳಬಾರದು ಎಂದು 2016ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ನಿಯಮ ಬಂತು. ತರಬೇತಾದ ದುಭಾಷಿಗಳು ಬೇಕು, ಟೆಕ್ಸಾಸ್‌ನ ರಿಯೊ ಗ್ರಾಂದೆ ಕಣಿವೆಯ ವಿಶ್ವವಿದ್ಯಾಲಯದಂಥ ಕಡೆ ಅದಕ್ಕೆ ಪದವಿಯೂ ಇದೆ.

ಹೆಜ್ಜೆ 6: ಅಜ್ಜಿಯ ಮಾತು ರೆಕಾರ್ಡ್ ಮಾಡಿ

ಹಿರಿಯರನ್ನು ಮಾತಾಡಿಸಿ, ಕೇಳಿಸಿಕೊಂಡದ್ದನ್ನು ಅಕ್ಷರಕ್ಕಿಳಿಸುವುದು ಈ ಕೋರ್ಸ್‌ಗಳಲ್ಲಿ ಸಾಮಾನ್ಯವಾದ ಕೆಲಸ. ಅರ್ಧ ಗಂಟೆ ಮಾತು ಸಾಕು. ಬರೆದು ಮುಗಿಸಲು ಒಂದು ವಾರ ಹಿಡಿಯುತ್ತದೆ. ನಮ್ಮ ಹುಡುಗಿ ಅಜ್ಜಿಯನ್ನು ಅಡುಗೆಮನೆಯಲ್ಲೇ ಕೂರಿಸಿ ಕೇಳಿದಳು. ಅಜ್ಜಿ ‘ಹೀಗೆ’ ಎನ್ನಲು ‘ಅಸೀ’ ಬದಲು ‘ಅಸೀನ’ ಅಂದಿದ್ದರು, ‘ತಂದೆನು’ ಎನ್ನಲು ‘ತ್ರಾಹೆ’ ಬದಲು ‘ತ್ರೂಹೆ’. ತಿದ್ದಬೇಕೇ ಎಂದು ಮೇಡಂ ಅವರನ್ನು ಕೇಳಿದಳು. ಸ್ಪೇನ್‌ನವರು 1598ರಲ್ಲಿ ಬಂದು ಅಲ್ಲಿ ನೆಲೆನಿಂತ ಕಾಲದ ರೂಪಗಳು ಅವು. ಸ್ಪೇನ್‌ನ ಶಿಷ್ಟ ಭಾಷೆ ಬಿಟ್ಟರೂ ನ್ಯೂ ಮೆಕ್ಸಿಕೊದ ಹಳ್ಳಿಗಳು ಬಿಡಲಿಲ್ಲ, ಹಾಗೇ ಇಡು ಎಂದರಂತೆ. ಇಟ್ಟಳು. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ, ಎಲ್ಲ ಗೀಟುಗಳೂ ಸರಿಯಾಗಿ ಬಿದ್ದ ಒಂದು ಸ್ಪ್ಯಾನಿಷ್ ವಾಕ್ಯ ಸೇರಿಸಿದ್ದಾಳೆ: ನನ್ನ ಅಜ್ಜಿ ಹೀಗೆ ಹೇಳುತ್ತಾರೆ.