ಮಲ್ಚಿಂಗ್ ಶೀಟಿಗೂ ಮುಟುರು ರೋಗಕ್ಕೂ ನಂಟಿದೆಯೇ? ಕೈ-ವರ್ಗ (chi-square, χ²) ಪರೀಕ್ಷೆ ಮಾಡುವ ಬಗೆ

ಕೋಲಾರ, ಮುಳಬಾಗಿಲು ಕಡೆಯ 200 ಟೊಮೆಟೊ ತೋಟಗಳನ್ನು ನೋಡಿ ಬಂದಿದ್ದೀರಿ ಎಂದುಕೊಳ್ಳೋಣ. ಪ್ರತಿ ತೋಟದ ಮುಂದೆ ಎರಡೇ ಸಂಗತಿ ಬರೆದುಕೊಂಡಿದ್ದೀರಿ: ಮಣ್ಣಿನ ಮೇಲೆ ಮಲ್ಚಿಂಗ್ ಶೀಟ್ (ಪ್ಲಾಸ್ಟಿಕ್ ಹೊದಿಕೆ) ಹಾಸಿದ್ದಾರೋ ಇಲ್ಲವೋ, ಎಲೆ ಮುಟುರು ರೋಗ ಎಷ್ಟಿದೆ. ಅಂಕಿಗಳು ಉದಾಹರಣೆಗಷ್ಟೇ.

ಶೀಟ್ ಇರುವ 80 ತೋಟ: ರೋಗವಿಲ್ಲ 45, ಅಲ್ಪ 20, ತೀವ್ರ 15
ಶೀಟ್ ಇಲ್ಲದ 120 ತೋಟ: ರೋಗವಿಲ್ಲ 45, ಅಲ್ಪ 40, ತೀವ್ರ 35
ಒಟ್ಟು: 90, 60, 50

ಎರಡಕ್ಕೂ ನಂಟೇ ಇಲ್ಲ ಎಂಬುದು ಶೂನ್ಯ ಪ್ರಾಕ್ಕಲ್ಪನೆ, ಅಂದರೆ ಪರೀಕ್ಷೆಗೆ ಒಡ್ಡುವ ಊಹೆ. ಅದು ನಿಜವಾದರೆ ಕೋಷ್ಟಕದ ಒಂದೊಂದು ಮನೆಯಲ್ಲಿ (ಚೌಕದಲ್ಲಿ) ಎಷ್ಟು ತೋಟ ಇರಬೇಕಿತ್ತು? ಸಾಲಿನ ಮೊತ್ತವನ್ನು ಕಂಬದ ಮೊತ್ತದಿಂದ ಗುಣಿಸಿ ಒಟ್ಟು ಸಂಖ್ಯೆಯಿಂದ ಭಾಗಿಸಿ. ಮೊದಲ ಮನೆಗೆ 80×90÷200, ಅಂದರೆ 36. ಹೀಗೆಯೇ ಮೇಲಿನ ಸಾಲಿಗೆ 36, 24, 20; ಕೆಳಗಿನದಕ್ಕೆ 54, 36, 30. ಇವೇ ನಿರೀಕ್ಷಿತ ಸಂಖ್ಯೆಗಳು.

ಇನ್ನು ಪ್ರತಿ ಮನೆಯಲ್ಲೂ ಕಂಡದ್ದರಿಂದ ನಿರೀಕ್ಷಿತವನ್ನು ಕಳೆದು, ವರ್ಗ ಮಾಡಿ, ನಿರೀಕ್ಷಿತದಿಂದಲೇ ಭಾಗಿಸಿ: 2.25, 0.67, 1.25, 1.50, 0.44, 0.83. ಕೂಡಿದರೆ 6.94, ಇದೇ ಕೈ-ವರ್ಗದ ಬೆಲೆ. ಸ್ವಾತಂತ್ರ್ಯ ಮಟ್ಟ (degrees of freedom) ಸಾಲು, ಕಂಬಗಳ ಸಂಖ್ಯೆಯಲ್ಲಿ ಒಂದೊಂದು ಕಳೆದು ಗುಣಿಸಿದ್ದು: (2−1)×(3−1), ಅಂದರೆ 2. ಶೇ. 5ರ ಮಟ್ಟದಲ್ಲಿ ಪುಸ್ತಕದ ಕೈ-ವರ್ಗ ಕೋಷ್ಟಕದ ಬೆಲೆ 5.99. ನಮ್ಮದು ಅದನ್ನು ದಾಟಿದೆ (ಪಿ ಬೆಲೆ, ಅಂದರೆ ನಂಟಿಲ್ಲದೆಯೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ, ಸುಮಾರು 0.03), ಹಾಗಾಗಿ ನಂಟಿಲ್ಲ ಎಂಬ ಮಾತನ್ನು ಕೈಬಿಡಬಹುದು. ಆದರೆ ನಂಟು ಗಟ್ಟಿಯಲ್ಲ: 6.94ನ್ನು 200ರಿಂದ ಭಾಗಿಸಿ ವರ್ಗಮೂಲ ತೆಗೆದರೆ ನಂಟಿನ ಗಟ್ಟಿತನವನ್ನು 0ಯಿಂದ 1ರವರೆಗೆ ಅಳೆಯುವ ಕ್ರೇಮರ್ ವಿ 0.19 ಮಾತ್ರ.

ಕೋಷ್ಟಕಕ್ಕೆ ಶೇಕಡಾವಾರು ತುಂಬಬೇಡಿ, ಎಣಿಕೆಯನ್ನೇ ತುಂಬಿ. ಇದೇ ಪ್ರಮಾಣ ಬರೀ 40 ತೋಟಗಳಲ್ಲಿ ಕಂಡಿದ್ದರೆ ಮೊತ್ತ 1.39ಕ್ಕೆ ಇಳಿಯುತ್ತಿತ್ತು, ಶೇಕಡಾವಾರಿನಲ್ಲಿ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ. ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಾದರೆ ಅಲ್ಪ, ತೀವ್ರ ಎರಡನ್ನೂ ಸೇರಿಸಿ, ಇಲ್ಲವೇ ಸಣ್ಣ ಎಣಿಕೆಗೂ ಹೊಂದುವ ಫಿಶರ್ ಪರೀಕ್ಷೆಗೆ ಹೋಗಿ. ಗಮನಿಸಿ, ನಿರೀಕ್ಷಿತ ಸಂಖ್ಯೆ, ಕಂಡ ಸಂಖ್ಯೆಯಲ್ಲ. ಎಕ್ಸೆಲ್‌ನಲ್ಲಿ ನಿರೀಕ್ಷಿತ ಕೋಷ್ಟಕವನ್ನೂ ನೀವೇ ಕೊಡಬೇಕು, ಮೊತ್ತದ ಸಾಲನ್ನು ಸೇರಿಸಬಾರದು. ಆರ್ (R ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ) ಎಲ್ಲವನ್ನೂ ತಾನೇ ಮಾಡುತ್ತದೆ, ಆದರೆ 2×2 ಕೋಷ್ಟಕಕ್ಕೆ ಕೇಳದೆಯೇ ಬೆಲೆಯನ್ನು ತುಸು ತಗ್ಗಿಸುವ ಯೇಟ್ಸ್ ತಿದ್ದುಪಡಿ ಹಾಕುತ್ತದೆ. ಕೈಲೆಕ್ಕಕ್ಕೆ ತಾಳೆಯಾಗದಿದ್ದರೆ ಕಾರಣ ಬಹುಶಃ ಅದೇ.

ನಿಜಕ್ಕೂ ಕೆಡುವುದು ಲೆಕ್ಕದಲ್ಲಲ್ಲ, ತೋಟ ಆರಿಸುವಲ್ಲಿ. ಪ್ರತಿ ದಾಖಲೆಯೂ ಇನ್ನೊಂದರ ಹಂಗಿಲ್ಲದೆ ನಿಂತಿರಬೇಕು ಎಂಬುದು ಈ ಪರೀಕ್ಷೆಯ ಷರತ್ತು. ಮುಟುರು ವೈರಸ್ ಹರಡುವುದು ಬಿಳಿ ನೊಣ. ಅದಕ್ಕೆ ಬದುವಿನ ಲೆಕ್ಕವಿಲ್ಲ. ಅಕ್ಕಪಕ್ಕದ ಹತ್ತು ತೋಟ ಬರೆದುಕೊಂಡರೆ ಕೈಗೆ ಸಿಕ್ಕಿದ್ದು ಹತ್ತು ಸಾಕ್ಷಿಯಲ್ಲ, ಅದಕ್ಕಿಂತ ಬಹಳ ಕಡಿಮೆ. ಪಿ ಬೆಲೆ ಸುಳ್ಳೇ ಚಿಕ್ಕದಾಗಿ ಕಾಣುತ್ತದೆ. ರೈತನಿಗೊಂದೇ ತೋಟ, ಅದೂ ಒಂದಕ್ಕೊಂದು ದೂರವಿರುವಂತೆ ಆರಿಸಿ. ಒಂದೇ ತೋಟವನ್ನು ಶೀಟ್ ಹಾಕುವ ಮುಂಚೆ, ಆಮೇಲೆ ಎಂದು ಎರಡು ಸಲ ನೋಡಿದ್ದರೆ ಇದು ಬೇಡ, ರೋಗ ಇದೆ-ಇಲ್ಲ ಎಂಬ ಜೋಡಿ ದಾಖಲೆಗಳಿಗೆಂದೇ ಇರುವ ಮೆಕ್‌ನೆಮಾರ್ ಪರೀಕ್ಷೆ ಬೇಕು. ನಾಟಿಯ ತಿಂಗಳನ್ನೂ ಬರೆದಿಟ್ಟುಕೊಳ್ಳಿ: ಶೀಟ್ ಹಾಕಿದವರು ಮಳೆಗಾಲದಲ್ಲೂ ಹಾಕದವರು ಬೇಸಿಗೆಯಲ್ಲೂ ನೆಟ್ಟಿದ್ದರೆ, 6.94 ತೋರಿಸಿದ್ದು ಶೀಟಿನ ಗುಣವೋ ಬಿಸಿಲಿನದೋ ಹೇಳಲಾಗದು.