ಕಾರಿಗೆ ಎಲ್‌ಇಡಿ ಬಲ್ಬು: ಹಿಂದಿನ ದೀಪದಿಂದ ಆರಂಭಿಸಿ

ಹತ್ತು ಹನ್ನೆರಡು ವರ್ಷ ಹಳೆಯ ಕಾರಿಗೆ ಎಲ್‌ಇಡಿ ಹಾಕಬೇಕೆಂದು ಹೊರಟವರಲ್ಲಿ ಅನೇಕರು ಮೊದಲು ಕೈಹಾಕುವುದು ಹೆಡ್‌ಲೈಟಿಗೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧವಾದುದು: ಹಿಂದಿನ ಬ್ರೇಕ್ ದೀಪದಿಂದ ಆರಂಭಿಸಿ, ಇಂಡಿಕೇಟರ್‌ಗಳನ್ನು ಮುಗಿಸಿ, ಹೆಡ್‌ಲೈಟನ್ನು ಇದ್ದ ಹಾಗೆಯೇ ಬಿಡಿ. ತಂತಿ ಕಾದು ಬೆಳಗುವ ಹಳೆಯ ಬಲ್ಬು ಪೂರ್ಣ ಪ್ರಕಾಶಕ್ಕೆ ಬರಲು ಸುಮಾರು 0.2 ಸೆಕೆಂಡು ಬೇಕು. ಎಲ್‌ಇಡಿ ತಕ್ಷಣವೇ ಬೆಳಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹಿಂದೆ ಬರುತ್ತಿರುವ ವಾಹನ ಅಷ್ಟು ಹೊತ್ತಿನಲ್ಲಿ ನಾಲ್ಕು ಮೀಟರಿಗಿಂತ ಹೆಚ್ಚು ದೂರ ಕ್ರಮಿಸಿರುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಲಾರಿಯೊಂದು ಬೆನ್ನಿಗೇ ಅಂಟಿಕೊಂಡು ಬರುವಾಗ ಆ ನಾಲ್ಕು ಮೀಟರಿನ ಬೆಲೆ ಏನೆಂಬುದನ್ನು ಅಲ್ಲಿ ಕಾರು ಓಡಿಸಿದವರಿಗೆ ಹೇಳಿಕೊಡಬೇಕಿಲ್ಲ.

ಅಂಗಡಿಗೆ ಹೋಗುವ ಮೊದಲು ಹಳೆಯ ಬಲ್ಬನ್ನು ಬಿಚ್ಚಿ ನೋಡಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಡಿಕ್ಕಿ ತೆರೆದು, ದೀಪದ ಹಿಂಬದಿಗೆ ಕೈ ಹಾಕಿ ಹೋಲ್ಡರನ್ನು ತಿರುಗಿಸಿದರೆ ಅದು ಹೊರಬರುತ್ತದೆ. ಬಲ್ಬನ್ನು ಒಳಕ್ಕೆ ಒತ್ತಿ, ತುಸು ತಿರುಗಿಸಿ ತೆಗೆಯಬೇಕು. ಅದರ ಲೋಹದ ಬುಡದಲ್ಲಿ ಸಣ್ಣ ಅಕ್ಷರಗಳಲ್ಲಿ ನಮೂನೆಯ ಹೆಸರಿರುತ್ತದೆ. ಬ್ರೇಕ್ ಮತ್ತು ಟೇಲ್ ದೀಪ ಎರಡನ್ನೂ ಒಂದೇ ಬಲ್ಬು ನಿರ್ವಹಿಸುತ್ತಿದ್ದರೆ ಅದು ಸಾಮಾನ್ಯವಾಗಿ ಪಿ21/5ಡಬ್ಲ್ಯು, ಅಂದರೆ ಬ್ರೇಕಿಗೆ 21 ವ್ಯಾಟ್, ಟೇಲಿಗೆ 5 ವ್ಯಾಟ್. ಅದರ ಬುಡದ ಎರಡು ಮೊಳೆಗಳು ಬೇರೆ ಬೇರೆ ಎತ್ತರದಲ್ಲಿರುವುದರಿಂದ ಅದು ಹೋಲ್ಡರಿನಲ್ಲಿ ಒಂದೇ ರೀತಿಯಲ್ಲಿ ಕೂರುತ್ತದೆ. ನಂಬರ್ ಪ್ಲೇಟ್ ಮತ್ತು ಪಾರ್ಕಿಂಗ್ ದೀಪದಲ್ಲಿ ಸಾಮಾನ್ಯವಾಗಿ ಇರುವುದು ಟಿ10 ಎಂಬ ಚಿಕ್ಕ ಬಲ್ಬು. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮೂರಿನ ಆಟೊಮೊಬೈಲ್ ಅಂಗಡಿಯಾಗಲಿ, ಹಳೆಯ ಬಲ್ಬನ್ನು ಜೊತೆಗೆ ಒಯ್ದು ಅದರ ಬುಡಕ್ಕೆ ಹೊಂದುವುದನ್ನೇ ಕೇಳಿ ಪಡೆಯಿರಿ.

ಬಣ್ಣದ ವಿಷಯದಲ್ಲಿ ರಾಜಿ ಬೇಡ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯೇ ಇರಬೇಕು. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆ ಇರುವುದರಿಂದ ಗಾಜು ಬಹುಪಾಲು ಬೆಳಕನ್ನು ತಡೆದು, ಉಳಿದದ್ದು ಪೇಲವ ಗುಲಾಬಿಯಾಗಿ ಕಾಣುತ್ತದೆ. ಇಂಡಿಕೇಟರಿಗೆ ಹಳದಿ ಮಿಶ್ರಿತ ಕಿತ್ತಳೆ ಬಣ್ಣದ್ದನ್ನೇ ಹಾಕಿ.

ಈಗ ಜೋಡಣೆ. ಕಾರನ್ನು ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರನ್ನು ಕಳಚಿ. ಹೋಲ್ಡರಿನ ಒಳಗೆ ಹಸಿರು ಕಿಲುಬು ಅಥವಾ ತುಕ್ಕು ಕಂಡರೆ ನಯವಾದ ಮರಳು ಕಾಗದದಿಂದ ಉಜ್ಜಿ ತೆಗೆಯಿರಿ. ಅರ್ತಿಂಗ್, ಅಂದರೆ ವಿದ್ಯುತ್ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ, ಸರಿ ಇಲ್ಲದಿದ್ದರೆ ಒಂದು ದೀಪಕ್ಕೆ ಹೋಗಬೇಕಾದ ವಿದ್ಯುತ್ ಇನ್ನೊಂದರ ಮೂಲಕ ದಾರಿ ಹುಡುಕಿಕೊಳ್ಳುತ್ತದೆ, ಎಲ್‌ಇಡಿಗಳು ಹೊತ್ತಬಾರದ ಹೊತ್ತಿನಲ್ಲಿ ಮಂದವಾಗಿ ಹೊತ್ತಿಕೊಳ್ಳುತ್ತವೆ. ಬ್ಯಾಟರಿಯ ವೈರನ್ನು ಮತ್ತೆ ಜೋಡಿಸಿದಾಗ ಟಿ10 ಬೆಳಗದಿದ್ದರೆ ಬಲ್ಬು ಕೆಟ್ಟಿದೆಯೆಂದು ತೀರ್ಮಾನಿಸಬೇಡಿ. ಹೊರತೆಗೆದು ತಿರುವಿ ಹಾಕಿ, ಏಕೆಂದರೆ ಎಲ್‌ಇಡಿಗೆ ಪಾಸಿಟಿವ್, ನೆಗೆಟಿವ್ ಎಂಬ ಭೇದವಿದೆ.

ಅತ್ಯಂತ ಮುಖ್ಯವಾದ ಪರೀಕ್ಷೆಯನ್ನು ಕತ್ತಲಾದ ಮೇಲೆ ಮಾಡಬೇಕು. ಟೇಲ್ ದೀಪ ಹೊತ್ತಿಸಿ, ಮನೆಯವರೊಬ್ಬರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನೀವು ಇಪ್ಪತ್ತು ಹೆಜ್ಜೆ ಹಿಂದೆ ನಿಂತು ಬ್ರೇಕ್ ಒತ್ತಿಸಿ ನೋಡಿ. ನಾನು ಮೊದಲು ತಂದ ಅಗ್ಗದ ಜೋಡಿಯಲ್ಲಿ ಟೇಲ್ ಬೆಳಕೇ ಎಷ್ಟು ಪ್ರಖರವಾಗಿತ್ತೆಂದರೆ, ಬ್ರೇಕ್ ಒತ್ತಿದ್ದು ನನಗೆ ತಿಳಿಯಲೇ ಇಲ್ಲ. ಎರಡು ಸಲ ಕೂಗಿ ಕೇಳಬೇಕಾಯಿತು. ಅಂತಹ ಬಲ್ಬು ಹಳೆಯದಕ್ಕಿಂತ ಅಪಾಯಕಾರಿ. ಮರುದಿನವೇ ಅವನ್ನು ತೆಗೆದುಹಾಕಿದೆ.

ಇಂಡಿಕೇಟರ್‌ನಲ್ಲಿ ಬೇರೆಯೇ ತೊಡಕಿದೆ. 21 ವ್ಯಾಟಿನ ಬಲ್ಬಿನ ಜಾಗದಲ್ಲಿ ಎರಡು ಮೂರು ವ್ಯಾಟಿನ ಎಲ್‌ಇಡಿ ಬಂದಾಗ, ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಷರ್ ರಿಲೇ ಎಂಬ ಪುಟ್ಟ ಸಾಧನ ಬಲ್ಬು ಸುಟ್ಟಿದೆಯೆಂದು ಭಾವಿಸಿ ದೀಪವನ್ನು ದುಪ್ಪಟ್ಟು ವೇಗದಲ್ಲಿ ಮಿನುಗಿಸುತ್ತದೆ. ನಿಯಮದ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಹಳೆಯ ಬಲ್ಬಿನಷ್ಟೇ ವಿದ್ಯುತ್ ಎಳೆದು ರಿಲೇಯನ್ನು ನಂಬಿಸಲೆಂದು ಹಲವರು 6 ಓಮಿನ ರೆಸಿಸ್ಟರ್ ಜೋಡಿಸುತ್ತಾರೆ. ಆದರೆ 12 ವೋಲ್ಟಿನಲ್ಲಿ ಅದು ದೀಪ ಹೊತ್ತಿದಾಗಲೆಲ್ಲ 24 ವ್ಯಾಟನ್ನು ಬರಿಯ ಶಾಖವಾಗಿ ಹೊರಹಾಕುತ್ತದೆ, ಕೈ ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕಿಗೋ ವೈರಿಗೋ ತಾಗಿದರೆ ಕರಗಿಸುತ್ತದೆ. ಹಾಕಲೇಬೇಕಾದರೆ ಬಾಡಿಯ ಲೋಹಕ್ಕೆ ಬಿಗಿಯಿರಿ. ಎಲ್‌ಇಡಿಗೆಂದೇ ಸಿಗುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ರಿಲೇಯನ್ನು, ಹಳೆಯದರ ಪಿನ್‌ಗಳ ಕ್ರಮಕ್ಕೆ ಹೊಂದುವಂಥದ್ದನ್ನು ನೋಡಿ ತಂದು ಹಾಕುವುದೇ ನನಗೆ ಸರಿಯೆನಿಸಿದ ದಾರಿ. ಹೊಸ ಕಾರುಗಳಲ್ಲಿ ಪ್ರತ್ಯೇಕ ರಿಲೇ ಇಲ್ಲದಿರಬಹುದು. ಅಲ್ಲಿ ವಾರಂಟಿ ಇರುವಷ್ಟು ಕಾಲ ವೈರಿಂಗ್ ಮುಟ್ಟದಿರುವುದು ಲೇಸು.

ಇನ್ನು ಹೆಡ್‌ಲೈಟ್. ಎಚ್4 ಎಂಬ ನಮೂನೆಯ ಹ್ಯಾಲೊಜನ್ ಹೆಡ್‌ಲೈಟ್ ಬಲ್ಬಿನೊಳಗೆ ಲೋಬೀಮಿನ, ಅಂದರೆ ತಗ್ಗಿಸಿದ ಬೆಳಕಿನ, ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲೊಂದಿದೆ. ಬೆಳಕು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಅದೇ. ಬಲ್ಬಿನ ಹಿಂದೆ ಬೆಳಕನ್ನು ಮುಂದಕ್ಕೆ ಪ್ರತಿಫಲಿಸುವ ಇಡೀ ರಿಫ್ಲೆಕ್ಟರಿನ ಬಾಗು ಆ ತಂತಿ ಇರುವ ನಿಖರ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿಯ ಬೆಳಗುವ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೆಳಕು ಚೆದರಿ, ಎದುರಿನಿಂದ ಬರುವ ಬೈಕ್ ಸವಾರನ ಕಣ್ಣಿಗೆ ನೇರವಾಗಿ ಬೀಳುತ್ತದೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈನಿಂದ ಪ್ರಕರಣ ದಾಖಲಿಸಲು ಮುಂದಾದದ್ದು ಇದೇ ಕಾರಣಕ್ಕೆ. ರಸ್ತೆ ಮಬ್ಬಾಗಿ ಕಂಡರೆ ಮೊದಲು ಹಳದಿಗಟ್ಟಿದ ಹೆಡ್‌ಲೈಟ್ ಗಾಜನ್ನು ಪಾಲಿಶ್ ಮಾಡಿಸಿ, ಬಲ್ಬಿಗೆ ಸರಿಯಾದ ವೋಲ್ಟೇಜ್ ತಲುಪುತ್ತಿದೆಯೇ ಎಂದು ಎಲೆಕ್ಟ್ರೀಷಿಯನ್ನರಿಂದ ಅಳೆಯಿಸಿ, ದೀಪದ ಮಟ್ಟವನ್ನು ಸರಿಪಡಿಸಿಕೊಳ್ಳಿ. ಈ ಮೂರು ಕೆಲಸ ಮುಗಿದ ಮೇಲೆ ನನ್ನ ಕಾರಿನ ಹ್ಯಾಲೊಜನ್ ದೀಪವೇ ಹಳ್ಳಿಯ ರಸ್ತೆಗೆ ಸಾಕಾಯಿತು.

ಕಳಚಿದ ಹಳೆಯ ಬಲ್ಬುಗಳನ್ನು ಎಸೆಯದೆ, ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯ ಟೂಲ್ ಕಿಟ್ ಜೊತೆ ಇಡಿ. ರಾತ್ರಿ ದಾರಿಯಲ್ಲಿ ಎಲ್‌ಇಡಿ ಕೈಕೊಟ್ಟರೆ ಅವನ್ನೇ ಮತ್ತೆ ಹಾಕಿಕೊಂಡು ಮನೆ ತಲುಪಬಹುದು.