ಎಸ್‌ಎಸ್‌ಎಚ್ ಕೀಗೆ ಸಹಿ ಹಾಕುವಾಗ ಅವಧಿ ನಮೂದಿಸಿ
ಹಲವು ಸರ್ವರ್‌ಗಳನ್ನು ನೋಡಿಕೊಳ್ಳುವವರು ಪ್ರತಿಯೊಬ್ಬರ ಪಬ್ಲಿಕ್ ಕೀಯನ್ನೂ (ಕೀ ಜೋಡಿಯಲ್ಲಿ ಇತರರಿಗೆ ಕೊಡಬಹುದಾದ ಭಾಗ; ಗುಟ್ಟಾಗಿಡಬೇಕಾದದ್ದು ಪ್ರೈವೇಟ್ ಕೀ) ಪ್ರತಿ ಯಂತ್ರಕ್ಕೆ ನಕಲಿಸುತ್ತಾ ಕೂರುವ ಬದಲು, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ 2010ರ 5.4ನೇ ಆವೃತ್ತಿಯಿಂದಲೇ ಇರುವ ಸರ್ಟಿಫಿಕೇಟ್ (ಸಹಿ ಹಾಕಿದ ಪಬ್ಲಿಕ್ ಕೀ) ಸೌಲಭ್ಯವನ್ನು ಬಳಸುವುದು ಲೇಸು. ಇದಕ್ಕೆ ಬೇರೆ ತಂತ್ರಾಂಶ ಬೇಡ. ಅದರ ಜೊತೆಗೇ ಬರುವ, ಕೀ ಸೃಷ್ಟಿಸುವ ಎಸ್‌ಎಸ್‌ಎಚ್-ಕೀಜೆನ್ ಆದೇಶ ಒಂದೇ ಸಾಕು.

ಮೊದಲು ಸಹಿಗೆಂದೇ ಪ್ರತ್ಯೇಕ ಕೀ ಜೋಡಿಯನ್ನು ಪಾಸ್‌ಫ್ರೇಸ್ (ಕೀಯನ್ನು ಕಾಯುವ ಗುಪ್ತಪದ) ಸಹಿತ ಸೃಷ್ಟಿಸಿ, ಅದರ ಪ್ರೈವೇಟ್ ಕೀಯನ್ನು ಯಾವ ಸರ್ವರ್‌ನಲ್ಲೂ ಇಡದೆ, ಪಬ್ಲಿಕ್ ಕೀಯ ಕಡತವನ್ನು ಮಾತ್ರ ಸರ್ವರ್‌ನ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಎಂಬ ಸೆಟ್ಟಿಂಗ್ ಕಡತದಲ್ಲಿ 'ಟ್ರಸ್ಟೆಡ್‌ಯೂಸರ್‌ಸಿಎಕೀಸ್' ಎಂಬ ಸಾಲಿನಲ್ಲಿ ಸೂಚಿಸಬೇಕು. ಸಹೋದ್ಯೋಗಿಯ ಪಬ್ಲಿಕ್ ಕೀಗೆ ಎಸ್‌ಎಸ್‌ಎಚ್-ಕೀಜೆನ್‌ನಿಂದ ಸಹಿ ಹಾಕುವಾಗ ಸಣ್ಣಕ್ಷರದ '-ಎಸ್' ಆಯ್ಕೆಗೆ ಸಹಿಯ ಕೀಯನ್ನೂ, ದೊಡ್ಡಕ್ಷರದ '-ಐ'ಗೆ ಗುರುತಿನ ಹೆಸರನ್ನೂ, ಸಣ್ಣಕ್ಷರದ '-ಎನ್'ಗೆ ಲಾಗಿನ್ ಹೆಸರನ್ನೂ ಕೊಡಬೇಕು. ಸುಲಭವಾಗಿ ಬಿಟ್ಟುಹೋಗುವುದು ಅವಧಿಯನ್ನು ನಮೂದಿಸುವ ದೊಡ್ಡಕ್ಷರದ '-ವಿ'. ಅದಿಲ್ಲದಿದ್ದರೆ ಸರ್ಟಿಫಿಕೇಟ್‌ಗೆ ಕೊನೆಯ ದಿನಾಂಕವೇ ಇರುವುದಿಲ್ಲ. ಕೆಲಸ ಬಿಟ್ಟು ಹೋದವರು ಕೂಡ, ನೀವಾಗಿ ರದ್ದುಪಡಿಸುವವರೆಗೆ, ನಿರಾತಂಕವಾಗಿ ಲಾಗಿನ್ ಆಗುತ್ತಲೇ ಇರಬಹುದು. '-ವಿ'ಗೆ '+4ಡಬ್ಲ್ಯೂ' ಎಂದು ಕೊಟ್ಟರೆ ನಾಲ್ಕು ವಾರ. ನನ್ನ ಮಟ್ಟಿಗೆ ಅದೇ ಹೆಚ್ಚು.

ಹೀಗೆ ದೊರೆತ, '-ಸರ್ಟ್.ಪಬ್' ಎಂದು ಮುಗಿಯುವ ಕಡತವನ್ನು ಹಸ್ತಾಂತರಿಸುವ ಮೊದಲು ದೊಡ್ಡಕ್ಷರದ '-ಎಲ್' ಮತ್ತು ಸಣ್ಣಕ್ಷರದ '-ಎಫ್' ಆಯ್ಕೆಗಳೊಂದಿಗೆ ತೆರೆದು, 'ಸೈನಿಂಗ್ ಸಿಎ' (ಸಹಿ ಹಾಕಿದ ಕೀ) ಎದುರಿನ ಫಿಂಗರ್‌ಪ್ರಿಂಟ್, ಅಂದರೆ ಕೀಯನ್ನು ಗುರುತಿಸುವ ಕಿರು ಸಂಕೇತ, ನಿಮ್ಮ ಸಹಿ ಕೀಯದ್ದೇ ಎಂದೂ, 'ವ್ಯಾಲಿಡ್' ಸಾಲಿನಲ್ಲಿ 'ಫಾರೆವರ್' (ಸದಾಕಾಲ) ಎಂದು ಇಲ್ಲವೆಂದೂ ಖಚಿತಪಡಿಸಿಕೊಳ್ಳಿ.